ಉಲ್ಟಾ ಅಂಗಿಯ ವನ್ನೂರಪ್ಪ ಮಾಸ್ಟರ್

ವನ್ನೂರಪ್ಪ ಮಾಸ್ಟರ್ ಯಾರ ಮುಖವನ್ನೂ ನೋಡಿ ಮಾತನಾಡುತ್ತಿರಲಿಲ್ಲ. ಅವರ ಕಣ್ಣು ಮೊದಲು ಎದುರಿಗಿದ್ದವರ ಕಾಲರಿಗೆ ಹೋಗುತ್ತಿತ್ತು, ಅಲ್ಲಿಂದ ತೋಳಿಗೆ, ಅಲ್ಲಿಂದ ಅಂಗಿಯ ಅಂಚಿಗೆ. ಅಲ್ಲೆಲ್ಲ ಹೊಲಿಗೆ ನೆಟ್ಟಗಿದ್ದರೆ ಮಾತ್ರ ಈ ಮನುಷ್ಯನಿಗೆ ಒಂದು ಮುಖವೂ ಇದ್ದೀತು ಎಂಬುದು ಅವರಿಗೆ ನೆನಪಾಗುತ್ತಿತ್ತು. ನಾವು ರಾಯದುರ್ಗಕ್ಕೆ ಬಂದಿಳಿದ ದಿನ, ಲಗೇಜ್ ಆಟೋದಿಂದ ಪಾತ್ರೆಯ ಮೂಟೆ ಇಳಿಸುತ್ತಿದ್ದ ನನ್ನ ಗಂಡನನ್ನು ಎದುರುಮನೆಯ ಕಟ್ಟೆಯ ಮೇಲಿಂದ ನೋಡಿದ ಅವರು ಯಾವೂರು, ಯಾವ ಜನ ಎಂದೇನೂ ಕೇಳಲಿಲ್ಲ. "ಆ ಬಗಲ ಹೊಲಿಗಿ ಯಾವಾತ ಹಾಕ್ಯಾನ್ರಿ? ಬಿಚ್ಚಿ ಹೊಲೀಬೇಕ್ರಿ ಅದನ್ನ" ಎಂದರು.

"ಬಿಚ್ಚಿ ಹೊಲೀಬೇಕ್ರಿ" ಎನ್ನುವುದು ಅವರ ಅಂತಿಮ ತೀರ್ಪು. ಹೊಸದಾಗಿ ಹಾಕಿದ ಸಿಮೆಂಟ್ ರಸ್ತೆ, ಲೀಡರುಗಳ ಭಾಷಣ, ಬಸ್ ಸ್ಟ್ಯಾಂಡ್ ಹೋಟೆಲಿನ ಉಪ್ಪಿಟ್ಟು, ಅಳಿಯನ ನಡವಳಿಕೆ ಎಲ್ಲಕ್ಕೂ ಅದೇ ಮಾತು. ಹೆಂಡತಿ ಈರಮ್ಮಕ್ಕ ಒಮ್ಮೆ ಬೇಸತ್ತು, "ನಮ್ಮ ಮದಿವಿ ಮಾಡಿದವ್ರು ಇದ್ದಿದ್ರ ಮೊದ್ಲು ಅದನ್ನ ಬಿಚ್ಚಿಸ್ತಿದ್ದೆ" ಎಂದಿದ್ದರು. ಮಾಸ್ಟರ್ ಮಿಷನ್ನಿನಿಂದ ತಲೆ ಎತ್ತದೆ, "ಅದು ಡಬಲ್ ಹೊಲಿಗಿ ಬಿಡು" ಎಂದರು.

ನಾವು ಮಡಕಶಿರದ ಕಡೆಯವರು, ಗುಡಿಬಂಡೆ ಹತ್ತಿರದ ಹಳ್ಳಿ. ಕಡಲೆಕಾಯಿ, ಹಿಪ್ಪುನೇರಳೆ ಎರಡನ್ನೂ ಮೈದುನನಿಗೆ ಒಪ್ಪಿಸಿ ನನ್ನ ಗಂಡ ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿಗೆ ಕಟಿಂಗ್ ಕೆಲಸಕ್ಕೆ ಬಂದಿದ್ದರು. ಆ ಕಾಲಕ್ಕೆ ಅಲ್ಲಿ ಮನೆಮನೆಯಲ್ಲೂ ಮಿಷನ್ನು. ಗಂಡಸರು ಹೊಲಿದರೆ ಹೆಂಗಸರು ಬಾಗಿಲಲ್ಲಿ ಕೂತು ಪ್ಯಾಂಟುಗಳ ಉಳಿಕೆ ನೂಲು ಕತ್ತರಿಸುತ್ತಿದ್ದರು. ನಾನೂ ಅದೇ ಕೆಲಸ ಹಿಡಿದೆ. ಇಡೀ ಊರೇ ಹೊಲಿಗೆಯನ್ನು ನಂಬಿ ಬದುಕುತ್ತಿತ್ತು. ಅಂಥ ಊರಿಗೆ ನಾನು ಎತ್ತಿಕೊಂಡು ಬಂದ ನಾಲ್ಕು ವರ್ಷದ ಮಗಳು ಮೌನಿಕಾಗೆ ಹೊಲಿಗೆಯೆಂದರೆ ಆಗುತ್ತಿರಲಿಲ್ಲ.

ಅಂಗಿ, ಫ್ರಾಕು ಏನು ಹಾಕಿದರೂ ಕುತ್ತಿಗೆ ಕೆರೆದುಕೊಂಡು, ತೋಳು ಕಚ್ಚಿ, ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದಳು. ಅವಳು ಒಪ್ಪಿಕೊಂಡದ್ದು ಒಂದೇ ಒಂದು: ನಮ್ಮತ್ತೆಯ ಸವೆದುಹೋದ ಸೀರೆಯಲ್ಲಿ ಕುತ್ತಿಗೆಗೊಂದು ತೂತು ಬಿಟ್ಟು ಮಾಡಿದ ಚೀಲದಂಥ ನಿಲುವಂಗಿ. ಅದನ್ನು ಒಗೆದು ಒಣಗಿಸುವಷ್ಟು ಹೊತ್ತು ಒಂದು ದುಪ್ಪಟಿ ಸುತ್ತಿಕೊಂಡು, ಜೀನ್ಸಿನ ಹಿತ್ತಾಳೆ ಗುಂಡಿಗಳನ್ನು ಹೊಸಲಿನ ಮೇಲೆ ಸಾಲಾಗಿ ಜೋಡಿಸುತ್ತ ಕೂರುತ್ತಿದ್ದಳು. ಸಾಲು ಕೆಡಿಸಿದರೆ ಮತ್ತೆ ಕಿರುಚಾಟ. ಹಾಗಾಗಿ ನಮ್ಮ ಮನೆಗೆ ಬರುವವರೆಲ್ಲ ಕಾಲೆತ್ತಿ ಹೊಸಲು ದಾಟುತ್ತಿದ್ದರು.

ದೊಡ್ಡ ಊರಿನ ಡಾಕ್ಟರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿ ಗುರುತುಗಳನ್ನು ಬರೆದುಕೊಟ್ಟಿದ್ದರು. ಮುಖ ನೋಡುವುದಿಲ್ಲ, ಒಂದೇ ವಸ್ತುವನ್ನು ಹಿಡಿದು ಗಂಟೆಗಟ್ಟಲೆ ಕೂರುತ್ತಾಳೆ, ಕ್ರಮ ತಪ್ಪಿದರೆ ಸಹಿಸುವುದಿಲ್ಲ ಇತ್ಯಾದಿ. ಎದುರುಮನೆಯ ಮಾಸ್ಟರನ್ನು ಒಂದು ತಿಂಗಳು ನೋಡಿದ ಮೇಲೆ, ಡಾಕ್ಟರು ಆ ಚೀಟಿಯನ್ನು ಎರಡು ಪ್ರತಿ ಬರೆಯಬೇಕಿತ್ತು ಅನ್ನಿಸಿತು.

ಡಾಕ್ಟರು ಒಬ್ಬರೇ ಆದರೆ ನಮ್ಮ ಬೀದಿಯಲ್ಲಿ ಹದಿನೆಂಟು ಜನ ಡಾಕ್ಟರಿದ್ದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮಗುವಿಗೆ ಗಲಿಬಿಲಿಯಾಗಿದೆ ಎಂದು ಒಬ್ಬರು. ಕನ್ನಡದವರು ತೆಲುಗು ಬಿಡಿಸಿ ಎಂದರು, ತೆಲುಗಿನವರು ಕನ್ನಡ ಬಿಡಿಸಿ ಎಂದರು. ಮೌನಿಕಾ ಎಂದು ಹೆಸರಿಟ್ಟರೆ ಮಾತೆಲ್ಲಿಂದ ಬಂದೀತು, ಹೆಸರು ಬದಲಾಯಿಸಿ ಎಂದು ನಮ್ಮತ್ತೆಗೆ ಶಾಸ್ತ್ರದವರು ಹೇಳಿದ್ದರು. ತಡವಾಗಿ ಮಾತು ಬಂದ ಮಕ್ಕಳೆಲ್ಲ ಮುಂದೆ ಬ್ಯಾಂಕಿನಲ್ಲೇ ಕೆಲಸಕ್ಕೆ ಸೇರುತ್ತಾರೆ ಎಂಬುದೂ ನನಗೆ ಆಗಲೇ ತಿಳಿದದ್ದು. ಬಂದವರಿಗೆಲ್ಲ ಆರು ವರ್ಷದವರೆಗೆ ಬಾಯಿ ಬಿಡದ, ಈಗ ಬ್ಯಾಂಕ್ ಮ್ಯಾನೇಜರಾಗಿರುವ ಒಬ್ಬ ನೆಂಟನಿದ್ದ. ಕೌಂಟರಿನ ಹಿಂದೆ ಅವರು ಈಗಲೂ ಬಾಯಿ ಬಿಡುವುದು ಕಡಿಮೆಯೇ.

ಮಾಸ್ಟರ್ ಮಾತ್ರ ಒಂದೂ ಸಲಹೆ ಕೊಡಲಿಲ್ಲ. ಅದು ಅವರ ದೊಡ್ಡತನ ಎಂದು ನಾನು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅವರು ಅಷ್ಟು ದಿನವೂ ಮಗುವನ್ನೇ ನೋಡಿರಲಿಲ್ಲ. ಆ ಸೀರೆಯ ನಿಲುವಂಗಿಯನ್ನು ನೋಡುತ್ತಿದ್ದರು.

ಮೌನಿಕಾಗೆ ಐದು ತುಂಬಿದಾಗ ಶಾಲೆಯ ಮಾತು ಬಂತು. ಬೀದಿಯ ತುದಿಯ ಶಾಲೆಗೆ ಸೀರೆಯ ನಿಲುವಂಗಿಯಲ್ಲೇ ಕರೆದುಕೊಂಡು ಹೋದೆ. ಅಲ್ಲಿನ ಹೆಡ್ ಮೇಡಂ ಕೆಟ್ಟವರಲ್ಲ. ಆದರೆ ಅವರಿಗೆ ಮಕ್ಕಳೆಂದರೆ ಬೆಳಿಗ್ಗೆ ಪ್ರೇಯರಿಗೆ ನಿಲ್ಲುವ ಒಂದು ನೀಲಿ ಸಾಲು.

"ಲೈನಲ್ಲಿ ಒಬ್ಬಳೇ ಹಿಂಗೆ ನಿಂತ್ರೆ ಮಿಕ್ಕವರ ಡಿಸಿಪ್ಲಿನ್ ಏನಾಗ್ಬೇಕಮ್ಮ? ಹದಿನೈದು ದಿನ ಟೈಂ ಕೊಡ್ತೀನಿ. ಯೂನಿಫಾರಂ ಹಾಕ್ಕೊಂಡು ಬಂದ್ರೆ ಸೀಟು. ಇಲ್ಲಾಂದ್ರೆ ಮನೇಲೇ ಚೆನ್ನಾಗಿ ನೋಡ್ಕೊಳ್ಳಿ" ಎಂದರು.

ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಲು ನಮ್ಮತ್ತೆ ಆಗಲೇ ತಯಾರಾಗಿದ್ದರು. "ಇಸ್ಕೂಲ್ ಆಗ್ನಿಲ್ಲ ಅಂದ್ರೆ ಮಗೀನ ನನ್ ತಾವ ಬಿಡು. ಊರಾಗಿರ್ಲಿ. ನೀವಿಬ್ರೂ ನೆಮ್ಮದಿಯಾಗಿ ದುಡ್ಕಳಿ" ಎಂದು ಫೋನಿನಲ್ಲಿ ಹೇಳುತ್ತಿದ್ದರು. ಗಂಡನೂ ಹೂಂಗುಟ್ಟತೊಡಗಿದ್ದರು. ಊರಿನಲ್ಲಿ ಬಿಡುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಎಲ್ಲರೂ ತೋಟಕ್ಕೆ ಹೋದಾಗ ಹೊರಗಿನಿಂದ ಅಗುಳಿ ಹಾಕಿದ ಒಂದು ಕೋಣೆ. ನನ್ನ ಮಗಳು ನನ್ನ ಕೈಯಲ್ಲಿ ಉಳಿಯುವುದು ಒಂದು ನೀಲಿ ಅಂಗಿಯ ಮೇಲೆ ನಿಂತಿತ್ತು.

ಅಂಗಡಿಯಿಂದ ಯೂನಿಫಾರಂ ತಂದೆ. ನಾಲ್ಕು ದಿನ ಅವಳನ್ನು ಒತ್ತಿ ಹಿಡಿದು ತೊಡಿಸಿದೆ. ಐದನೆಯ ದಿನ ಹೊಡೆದೆ. ಇದನ್ನು ಬೇರೆಯವರ ಕಥೆಯೆಂಬಂತೆ ಬರೆಯಬಹುದಿತ್ತು, ಆದರೆ ಹೊಡೆದದ್ದು ನಾನೇ, ಇದೇ ಕೈಯಿಂದ. ಅವಳು ಅಳುವುದನ್ನು ನಿಲ್ಲಿಸಿ ನನ್ನ ಬಳೆಗಳನ್ನು ನೋಡುತ್ತ ಕೂತಳು. ನನಗೆ ಸಾಯುವಷ್ಟು ನಾಚಿಕೆಯಾಯಿತು.

ಎದುರುಮನೆಯ ಮಿಷನ್ನು ನಿಂತಿತು. ಮಾಸ್ಟರ್ ಗುಂಡಿಗಳ ಸಾಲು ಕೆಡದಂತೆ ಕಾಲೆತ್ತಿ ದಾಟಿ ಒಳಗೆ ಬಂದರು. ನೆಲದ ಮೇಲೆ ಬಿದ್ದಿದ್ದ ಅಂಗಿಯನ್ನು ಎತ್ತಿ, ತಿರುವಿ, ಹೆಬ್ಬೆರಳಿನಿಂದ ಹೊಲಿಗೆಗಳನ್ನು ಸವರಿದರು.

"ಕೂಸಿಗ್ಯಾಕ ಹೊಡೀತೀಯವ್ವ? ಆಕಿ ಸರಿ ಅದಾಳ. ಅಂಗಿ ತಪ್ಪೈತಿ."

ಹುಟ್ಟಿದಾಗಿನಿಂದ ನನ್ನ ಮಗಳನ್ನು ಸರಿ ಎಂದವರು ಅವರೊಬ್ಬರೇ. ಅದಕ್ಕೆ ನಾನು ಅತ್ತುಬಿಟ್ಟೆ. ಮಾಸ್ಟರ್ ಅದನ್ನು ಗಮನಿಸಲಿಲ್ಲ. ಅವರು ಹೊಗಳಿದ್ದು ಮಗುವನ್ನಲ್ಲ, ಬೈದದ್ದು ಅಂಗಡಿಯ ಟೈಲರನ್ನು.

ಮರುದಿನವೇ ತಮ್ಮ ಕೈಯಾರೆ ಒಂದು ಯೂನಿಫಾರಂ ಹೊಲಿದು ತಂದರು. ಗಟ್ಟಿ ಕಾಲರು, ಡಬಲ್ ಹೊಲಿಗೆ. "ಎತ್ತು ಎಳದ್ರೂ ಹರಿಯಂಗಿಲ್ಲ" ಎಂದು ಬೀದಿಗೆಲ್ಲ ತೋರಿಸಿದರು. ಮೌನಿಕಾ ಅದನ್ನು ಚರಂಡಿಗೆ ಎಸೆದಳು. ಬೀದಿ ನಕ್ಕಿತು. ಈರಮ್ಮಕ್ಕ, "ಇಡೀ ಊರಿನ್ಯಾಗ ನಿನ್ನ ಕೆಲ್ಸ ಒಪ್ಪಲಾರದಾಕಿ ಒಬ್ಬಾಕಿ ಸಿಕ್ಕಳು ನೋಡು" ಎಂದು ಖುಷಿಪಟ್ಟರು. ಮಾಸ್ಟರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ಮೂರನೆಯ ದಿನ ಅವರು ಮೌನಿಕಾಳನ್ನು ತಮ್ಮ ಹೊಲಿಗೆ ಶೆಡ್ಡಿನಲ್ಲಿ ಕೂರಿಸಿಕೊಂಡು, ಮಿಷನ್ನುಗಳನ್ನೆಲ್ಲ ನಿಲ್ಲಿಸಿ, ಅವಳ ಮುಂದೆ ಒಂದು ರಾಶಿ ಬಟ್ಟೆ ಹಾಕಿದರು. ಅವಳು ಪ್ರತಿಯೊಂದನ್ನೂ ಮುಟ್ಟಿದಳು. ಹೊರಮೈಯನ್ನು ಸವರಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು, ಒಳಗೆ ಕೈ ಹೋದೊಡನೆ ಚುಚ್ಚಿದಂತೆ ಬಿಟ್ಟುಬಿಡುತ್ತಿದ್ದಳು. ಮಾಸ್ಟರ್ ಮಧ್ಯಾಹ್ನದವರೆಗೆ ಅದನ್ನೇ ನೋಡಿದರು. ಆಮೇಲೆ ನನ್ನನ್ನು ಕರೆದರು.

"ಹೊಳೀತವ್ವ. ಮಂದಿ ನೋಡೋ ಕಡಿ ಚಂದ ಮಾಡ್ತೀವಿ. ಗಂಟು, ನೂಲು, ಲೇಬಲ್ ಚೀಟಿ ಎಲ್ಲಾ ಉಡೋರ ಮೈಗೆ ಇಡ್ತೀವಿ. ಇಷ್ಟು ವರ್ಷ ನಾ ಮಾಡಿದ್ದು ಇದನ್ನ ನೋಡು."

ನಂಬಿಕೆಯಾಗಲು ತಾವೇ ಮಾಡಿ ನೋಡಬೇಕಲ್ಲ. ಅಲ್ಲೇ ತಮ್ಮ ಅಂಗಿ ಬಿಚ್ಚಿ ಉಲ್ಟಾ ತೊಟ್ಟರು. ನಾಲ್ಕು ದಿನ ಹಾಗೆಯೇ ತಿರುಗಿದರು. ಹೊಲಿಗೆಗಳೆಲ್ಲ ಹೊರಗೆ, ಜೇಬು ಒಳಗೆ, ಬೀಡಿ ತೆಗೆಯಬೇಕಾದರೆ ಎದೆಯೊಳಗೆ ಕೈ ಹಾಕಬೇಕು. ಹಾಗೆಯೇ ಚಹಾದ ಅಂಗಡಿಗೆ, ಹಾಗೆಯೇ ಗುಮ್ಮಘಟ್ಟದಲ್ಲಿ ನೆಂಟರ ಮದುವೆಗೆ. ಮದುವೆಯಲ್ಲಿ ಈರಮ್ಮಕ್ಕ ನಾಲ್ಕು ಸಾಲು ಹಿಂದೆ ಕೂತು, ಆತ ಯಾರೋ ತನಗೆ ಗೊತ್ತಿಲ್ಲವೆಂಬಂತೆ ಊಟ ಮಾಡಿದರಂತೆ. ಆರ್ಡರ್ ಕೊಡಲು ಬಂದಿದ್ದ ಪರವೂರಿನ ವ್ಯಾಪಾರಿ, ಸ್ವಂತ ಅಂಗಿಯನ್ನೇ ನೆಟ್ಟಗೆ ಹಾಕಿಕೊಳ್ಳಲು ಬಾರದವನು ಪ್ಯಾಂಟನ್ನೇನು ಹೊಲಿದಾನು ಎಂದು ಪಕ್ಕದ ಯೂನಿಟ್ಟಿಗೆ ಹೋದ. ಮಾಸ್ಟರಿಗೆ ಅದರ ಚಿಂತೆಯೇ ಇರಲಿಲ್ಲ. "ಹುಟ್ಟಿದಾಗಿಂದ ಯಾರೋ ಕುತ್ತಿಗಿ ಹಿಂದ ಗೀರ್ತಿದ್ರವ್ವ. ಈಗ ಕೈ ತಗದ್ರು" ಎಂದು ನನಗೆ ಹೇಳಿದರು.

ಆಮೇಲೆ ಹೊಲಿದ ಯೂನಿಫಾರಂನಲ್ಲಿ ಹೊಲಿಗೆಯೆಲ್ಲ ಹೊರಮೈಗೆ ಬಂದಿತ್ತು. ಕಾಲರಿನಲ್ಲಿ ಗಟ್ಟಿ ಬಟ್ಟೆಯಿಲ್ಲ, ಚೀಟಿಯಿಲ್ಲ. ಹೊಸ ಬಟ್ಟೆಯ ಗಂಜಿಯೂ ಅವಳಿಗೆ ಆಗದು ಎಂದು ಅದನ್ನು ಜೀನ್ಸ್ ಒಗೆಯುವ ವಾಷಿಂಗ್ ಯೂನಿಟ್ಟಿಗೆ ಒಯ್ದು, ಪ್ಯಾಂಟುಗಳ ಜೊತೆ ಕಲ್ಲು ಹಾಕಿ ತಿರುಗಿಸಿ ತಂದರು. ಕಡುನೀಲಿ ಅಂಗಿ ಹತ್ತು ವರ್ಷ ತೊಟ್ಟದ್ದರಂತೆ ತಿಳಿನೀಲಿಯಾಗಿ ಬಂತು. ಮೌನಿಕಾ ಮೂಸಿದಳು. ಒಳಗೆ ಕೈ ಹಾಕಿ ಎಲ್ಲ ಮೂಲೆಯನ್ನೂ ತಡವಿದಳು. ಆಮೇಲೆ ತಾನೇ ತಲೆ ತೂರಿಸಿದಳು. ಅಂಗಿ ತೊಟ್ಟು ಹೊಸಲಿಗೆ ಹೋಗಿ ಗುಂಡಿ ಜೋಡಿಸತೊಡಗಿದಳು. ಮಾಸ್ಟರ್ ಬೀಡಿ ಹಚ್ಚುವುದನ್ನು ಮರೆತು ನಿಂತಿದ್ದರು.

ಹದಿನೈದನೆಯ ದಿನ ಹೆಡ್ ಮೇಡಂ ಅವಳನ್ನು ಮೇಲಿಂದ ಕೆಳಗೆ ನೋಡಿ, "ಇದು ಉಲ್ಟಾ ಇದೆಯಲ್ಲಮ್ಮ? ಕಲರ್ ಕೂಡ ಹೋಗಿದೆ" ಎಂದರು. ಜೊತೆಗೆ ಬಂದಿದ್ದ ಮಾಸ್ಟರ್ ಎಂದಿನಂತೆ ಮೇಡಮ್ಮಿನ ಮುಖ ನೋಡದೆ ತೋಳು ನೋಡುತ್ತಿದ್ದರು.

"ಮೇಡಮ್ಮಾರ, ನಾವು ಬಂದಾಗಿಂದ ಮೂರು ಸಲ ತೋಳು ಜಗ್ಗಿದ್ರಿ. ಆ ಹೊಲಿಗಿ ಒತ್ತತೈತಿ, ಹೌದಲ್ರಿ? ಈ ಗುಮಾಸ್ತರು ಕುತ್ತಿಗಿ ಕೆರಕೊಳ್ಳಾಕ ಹತ್ಯಾರ. ನಮಗೆಲ್ಲಾರಿಗೂ ಚುಚ್ಚತೈತ್ರಿ. ನಾವು ಬಾಯಿ ಮುಚ್ಕಂಡು ಸುಮ್ನದೀವಿ. ಈಕಿ ಸುಮ್ನಿರಂಗಿಲ್ಲ, ಅಷ್ಟ."

ಗುಮಾಸ್ತರು ಕೆರೆಯುತ್ತಿದ್ದ ಕೈಯನ್ನು ಇಳಿಸಿದರು. ಮೇಡಂ ತೋಳು ಜಗ್ಗಲು ಹೋದವರು ಅರ್ಧಕ್ಕೆ ನಿಲ್ಲಿಸಿದರು. ಸ್ವಲ್ಪ ಹೊತ್ತು ರಿಜಿಸ್ಟರ್ ತಿರುವಿ, "ನೀಲಿ ಅಂತೂ ನೀಲಿನೇ ಬಿಡಿ" ಎಂದು ಹೆಸರು ಬರೆದುಕೊಂಡರು.

ಅವಳಿಗೆ ಅದರಿಂದ ಮಾತೇನೂ ಬರಲಿಲ್ಲ. ಎರಡು ವರ್ಷ ತರಗತಿಯ ಬಾಗಿಲಲ್ಲೇ ಕೂತಳು. ಆದರೆ ಸಂಜೆ ನನ್ನ ಮನೆಗೇ ಬಂದಳು. ನಮ್ಮತ್ತೆಯ ಫೋನುಗಳೂ ಬೇರೆ ವಿಷಯಕ್ಕೆ ತಿರುಗಿದವು. ಕೆಟ್ಟದ್ದೆಂದರೆ, ಮಾಸ್ಟರ್ ಹತ್ತೊಂಬತ್ತನೆಯ ಡಾಕ್ಟರಾದರು. ಯಾರ ಮಗು ಅತ್ತರೂ, ಜ್ವರ ಬಂದರೂ, ಪರೀಕ್ಷೆಯಲ್ಲಿ ಫೇಲಾದರೂ "ಅಂಗಿ ತಿರುವಿ ಹಾಕ್ರಿ" ಎನ್ನತೊಡಗಿದರು. ಕುಡಿದು ಬೀಳುತ್ತಿದ್ದ ಅಳಿಯನಿಗೂ ಒಂದು ವಾರ ಹಾಕಿಸಿ ನೋಡಿದರು. ಅವನು ಉಲ್ಟಾ ಅಂಗಿಯಲ್ಲೇ ಕುಡಿದು ಬಂದ.

ಮಡಕಶಿರದ ಕಡೆಯ ಹಳ್ಳಿಗಳಿಗೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ಬರತೊಡಗಿದಾಗ ನನಗೆ ಚೆಕಿಂಗ್ ಕೆಲಸ ಸಿಕ್ಕಿತು, ನಾವು ಮಡಕಶಿರದಲ್ಲಿ ಮನೆ ಮಾಡಿದೆವು. ಪ್ರತಿ ಬೇಸಿಗೆಯ ಕೊನೆಗೆ ಮಾಸ್ಟರರ ಫೋನು ಬರುತ್ತಿತ್ತು.

"ಈಗ ನಿನ್ನ ಎಲ್ಲೀಮಟ ಬರ್ತಾಳವ್ವ?"

"ಭುಜಕ್ಕೆ ಬತ್ತಾಳೆ ಮಾಸ್ಟ್ರೇ."

"ಸಾಕು."

ಆ ಅಳತೆಗೇ ಹೊಲಿದ ತಿಳಿನೀಲಿ ಯೂನಿಫಾರಂ ಯಾರಾದರೂ ನೆಂಟರ ಕೈಯಲ್ಲಿ ಬರುತ್ತಿತ್ತು. ಒಮ್ಮೆಯೂ ಬಿಗಿಯಾಗಲಿಲ್ಲ. ಅವಳಿಗೆ ಹನ್ನೊಂದಾದ ಬೇಸಿಗೆಯಲ್ಲಿ ಫೋನು ಬಂದದ್ದು ಈರಮ್ಮಕ್ಕನಿಂದ. ಮಾಸ್ಟರ್ ಹಿಂದಿನ ಸಂಜೆ ಹೋಗಿಬಿಟ್ಟಿದ್ದರು.

ಬಿಟ್ಟುಬರಲು ಯಾರೂ ಇಲ್ಲದ್ದರಿಂದ ಮೌನಿಕಾಳನ್ನೂ ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ಮಾಸ್ಟರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅಳಿಯ ಶೋರೂಮಿನಿಂದ ಹೊಸ ಬಿಳಿ ಅಂಗಿ ತಂದು ತೊಡಿಸಿದ್ದ. ಕಾಲರು ಹಲಗೆಯಂತೆ ನಿಂತಿತ್ತು, ಮಡಿಕೆಯೂ ಬಿಟ್ಟಿರಲಿಲ್ಲ. ಜನ ಕಂಡರೆ ಓಡುವ ಮೌನಿಕಾ ಆ ಜನರ ನಡುವೆ ನೆಟ್ಟಗೆ ಮಾಸ್ಟರರ ಬಳಿ ಹೋದಳು. ಅವರ ಮುಖ ನೋಡಲಿಲ್ಲ. ಕುತ್ತಿಗೆಯ ಹಿಂದೆ ಕೈ ಹಾಕಿ, ಚೀಟಿ ಸಿಕ್ಕಿದೊಡನೆ ಜಗ್ಗುತ್ತ ಕಿರುಚತೊಡಗಿದಳು.

"ಹಿಡೀರಿ ಆ ಹುಡುಗೀನ!" ಎಂದು ಗಂಡಸರು ಎದ್ದರು. ನಾನು ನಾಚಿಕೆಯಿಂದ ಅವಳ ರಟ್ಟೆಗೆ ಕೈ ಹಾಕಿದೆ. ಅಷ್ಟರಲ್ಲಿ, ಮಾಸ್ಟರರ ಕಾಲ ಬಳಿ ಕೂತಿದ್ದ ಈರಮ್ಮಕ್ಕ ಎದ್ದರು.

"ಬಿಡ್ರಿ ಆಕೀನ. ಆಕಿ ಸರಿ ಅದಾಳ. ಅಂಗಿ ತಪ್ಪೈತಿ."

ಒಳಗೆ ಹೋಗಿ ಗೂಟದಲ್ಲಿದ್ದ ಹಳೆಯ ಅಂಗಿಯನ್ನು ತಂದರು. ಮದುವೆಯ ಮನೆಯಲ್ಲಿ ನಾಲ್ಕು ಸಾಲು ಹಿಂದೆ ಕೂರುವಂತೆ ಮಾಡಿದ್ದ ಅದೇ ಅಂಗಿ. ಗಂಡಸರು ಮುಖ ಮುಖ ನೋಡಿಕೊಳ್ಳುತ್ತ ಅದನ್ನು ಈರಮ್ಮಕ್ಕ ಹೇಳಿದಂತೆ ತೊಡಿಸಿದರು. ಮೌನಿಕಾ ಕುತ್ತಿಗೆಯ ಹಿಂದೆ ಮತ್ತೊಮ್ಮೆ ಬೆರಳಾಡಿಸಿ ನೋಡಿ, ಸುಮ್ಮನಾಗಿ, ನಿಂತ ಮಿಷನ್ನಿನ ಕೆಳಗಿದ್ದ ಗುಂಡಿಯ ಡಬ್ಬಿಯ ಹತ್ತಿರ ಹೋದಳು.

ತಡವಾಗಿ ಹಾರ ಹಿಡಿದು ಬಂದ ಒಬ್ಬರು ನನ್ನ ಪಕ್ಕಕ್ಕೆ ಬಾಗಿ ಮೆಲ್ಲಗೆ ಕೇಳಿದರು: "ಅವಸರದಾಗ ಅಂಗಿ ಉಲ್ಟಾ ಹಾಕ್ಯಾರಲ್ಲವ್ವ?"

"ಇಲ್ಲ ಕಣಣ್ಣ," ಎಂದೆ. "ಸರಿಯಾಗೇ ಹಾಕವ್ರೆ."