ಬೆಳ್ಳೂರು ಕ್ರಾಸಿನಲ್ಲಿ ಕೂತದ್ದು

ನಮ್ಮ ಕಡೆ ಚಳವಳಿ ಅಂದರೆ ರಸ್ತೇಲಿ ಕೂರೋದು. ಕಬ್ಬಿನ ದುಡ್ಡು ಬರಲಿಲ್ಲವಾ, ರಸ್ತೆ. ನಾಲೆಗೆ ನೀರು ಬಿಡಲಿಲ್ಲವಾ, ರಸ್ತೆ. ಟ್ರಾನ್ಸ್‌ಫಾರ್ಮರು ಸುಟ್ಟು ತಿಂಗಳಾದರೂ ಯಾರೂ ತಿರುಗಿ ನೋಡಲಿಲ್ಲವಾ, ಮತ್ತೆ ರಸ್ತೆಯೇ. ಬೆಳಗೊಳದಲ್ಲಿ ಗದ್ದೆ ಮಾಡಿಕೊಂಡು ಬೆಳೆದ ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ನನ್ನ ಜೊತೆ ಇದ್ದವರಿಗೂ ಗೊತ್ತಿರಲಿಲ್ಲ. ಹಾಗಾಗಿ ತೊಂಬತ್ತೊಂಬತ್ತರ ಮುಂಗಾರಿನಲ್ಲಿ, ಕಾರ್ಗಿಲ್ ಕಡೆ ಯುದ್ಧ ನಡೀತಿದ್ದಾಗ, 'ಯುದ್ಧ ಸಾಕು, ಕೂತು ಮಾತಾಡಿ' ಅಂತ ಹೇಳಬೇಕು ಅನ್ನಿಸಿದ ನಾವು ಹತ್ತು ಹನ್ನೆರಡು ಜನ ಹೋಗಿ ಕೂತದ್ದೂ ರಸ್ತೇಲೇ.

ನಮ್ಮಲ್ಲಿ ಹಿರಿಯರು ಅಂದರೆ ಕೆ.ಆರ್. ಪೇಟೆಯ ಒಬ್ಬ ಮೇಷ್ಟ್ರು. ರಿಟೈರಾಗಿದ್ದರು, ಮಾತು ಕಡಿಮೆ. ಅವರು ಪಾಪ ಬೇರೆ ಥರ ಹೇಳಿದ್ದರು. ಪಾಂಡವಪುರದಲ್ಲಿ ಒಂದು ಮೂಲೇಲಿ ಎದೆಗೆ ರಟ್ಟಿನ ಬೋರ್ಡು ಕಟ್ಟಿಕೊಂಡು ಸುಮ್ಮನೆ ನಿಂತುಕೊಳ್ಳೋಣ, ಯಾರಿಗೂ ತೊಂದರೆ ಬೇಡ ಅಂದರು. ನಾಗಮಂಗಲದ ರೈತನೊಬ್ಬ, "ಸುಮ್ಕೆ ನಿಂತ್ಕಂಡ್ರೆ ಬಸ್ಸಿಗೆ ಕಾಯ್ತಾವ್ರೆ ಅನ್ಕತಾರೆ ಬುಡಿ ಮೇಷ್ಟ್ರೇ" ಅಂದ. ಎಲ್ಲರೂ ನಕ್ಕೆವು. ಬೆಳ್ಳೂರು ಕ್ರಾಸಾದರೆ ಹೈವೇ, ಕೊಬ್ಬರಿ ಬೆಲೆಗೆ ಕೂತು ಅಭ್ಯಾಸ ಇದ್ದ ಜಾಗ. ಅಲ್ಲಿಗೇ ಅಂತ ತೀರ್ಮಾನ ಆಯಿತು.

ಗುಂಪು ಸೇರಬಾರದು ಅಂತ ಆಗ ಪೊಲೀಸರ ಆರ್ಡರಿತ್ತು. ಅದು ಗೊತ್ತಿದ್ದೇ ಹೋದದ್ದು. ಕೂಗಬಾರದು, ಯಾರಾದರೂ ಹೊಡೆದರೆ ಕೈ ಎತ್ತಬಾರದು, ಪೊಲೀಸರು ಬಂದರೆ ಎದ್ದು ವ್ಯಾನು ಹತ್ತಬೇಕು, ಇಷ್ಟು ಮಾತಾಗಿತ್ತು. ಶ್ರೀರಂಗಪಟ್ಟಣದಿಂದ ಬಂದಿದ್ದ ಟೈಲರ್ ಸಾಬರು ಬಿಳಿ ಬಟ್ಟೆ ಮೇಲೆ ನೀಲಿ ಅಕ್ಷರ ಹೊಲಿದು ಬ್ಯಾನರ್ ಮಾಡಿಕೊಂಡು ಬಂದಿದ್ದರು. ಬಣ್ಣ ಬಳಿದರೆ ಮಳೇಲಿ ಕರಗುತ್ತೆ ಅಂತ ಅವರ ಲೆಕ್ಕ.

ಕೂತ ಸ್ವಲ್ಪ ಹೊತ್ತಿಗೆ ಎರಡೂ ಕಡೆ ಲಾರಿ, ಬಸ್ಸು ಸಾಲುಗಟ್ಟಿದವು. ಮೊದಮೊದಲು ಡ್ರೈವರುಗಳಿಗೆ ಕೋಪವೇ ಇರಲಿಲ್ಲ. "ಯಾವ್ದ್ರ ರೇಟಣ್ಣೋ ಇವತ್ತು, ಕೊಬ್ರಿದಾ?" ಅಂತ ಒಬ್ಬ ಬೀಡಿ ಹಚ್ಚಿಕೊಂಡು ಕೇಳಿದ. ಬ್ಯಾನರು ಓದಿದ ಮೇಲೆ ಮುಖಗಳು ಬದಲಾದವು. ಅಲ್ಲಿ ನಮ್ಮ ಹುಡುಗರು ಸಾಯ್ತಾವ್ರೆ, ಇಲ್ಲಿ ಇವಕ್ಕೆ ಶಾಂತಿ ಬೇಕಂತೆ ಅಂತ ಬೈದರು. ಒಬ್ಬ ಹತ್ತಿರ ಬಂದು ಮೇಷ್ಟ್ರ ಮುಖಕ್ಕೆ ಉಗಿದ. ಮೇಷ್ಟ್ರು ಟವೆಲಿನಿಂದ ಒರೆಸಿಕೊಂಡು ಕೂತೇ ಇದ್ದರು. ನನ್ನ ಕೈ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎರಡೂ ಕೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತೆ.

ಆಗ ನಾಗಮಂಗಲದಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸಿನಿಂದ ಕರೀ ಟ್ರಂಕು ಹಿಡಿದು ಒಬ್ಬ ಇಳಿದು ನಮ್ಮ ಕಡೆ ಬಂದ. ನೋಡಿದರೆ ನನ್ನ ಅಕ್ಕನ ಮಗ!

ಈ ಅಕ್ಕನ ವಿಷಯ ಇಲ್ಲೇ ಹೇಳಿಬಿಡಬೇಕು. ಅವ್ವ ತೀರಿಕೊಂಡಾಗ ನಾನು ಇನ್ನೂ ಚಡ್ಡಿ ಸರಿಯಾಗಿ ಹಾಕಿಕೊಳ್ಳಲು ಬರದ ಹುಡುಗ. ಅಕ್ಕನೇ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದು. ನಾಗಮಂಗಲ ಬೆಳ್ಳೂರಿನ ನಡುವೆ ಒಂದು ಹಳ್ಳಿಗೆ ಅವಳನ್ನು ಕೊಟ್ಟಾಗ ನಾನು ಗಾಡಿ ಹಿಂದೆ ಓಡಿ ಅತ್ತಿದ್ದೆನಂತೆ. ಭಾವ ಬೇಗ ಹೋದರು. ಇವನೊಬ್ಬ ಮಗ. ಹೈಸ್ಕೂಲು ಮುಗಿಸಿ ಮಿಲಿಟರಿಗೆ ಸೇರಿದ. ಆ ಸಲ ರಜಾದಲ್ಲಿ ಬಂದಿದ್ದ ಅಂತ ಗೊತ್ತಿತ್ತು. ರಜಾ ರದ್ದಾಗಿ ತಂತಿ ಬಂದಿದೆ, ಅವತ್ತೇ ಹೊರಡುತ್ತಾನೆ ಅನ್ನೋದು ನನಗೆ ಗೊತ್ತಿರಲಿಲ್ಲ.

"ಮಾವ, ದಾರಿ ಬುಡಿ" ಅಂದ. "ಸಾಯಂಕಾಲದ ರೈಲು ತಪ್ಪೋಯ್ತದೆ. ನಾಳಿದ್ದು ರಿಪೋರ್ಟ್ ಆಗ್ನಿಲ್ಲ ಅಂದ್ರೆ ಚಮ್ಡ ಸುಲೀತಾರೆ."

ನಾನು ಎದ್ದು ಮೇಷ್ಟ್ರಿಗೆ ಹೇಳಿದೆ. ಮೇಷ್ಟ್ರು ಎದ್ದು ಬ್ಯಾನರ್ ಸುತ್ತಿದರು. ಆದರೆ ಏನು ಪ್ರಯೋಜನ? ಅಷ್ಟು ಹೊತ್ತಿಗೆ ಲಾರಿಗಳು ಎದುರುಬದುರು ನುಗ್ಗಿ ಮೂತಿಗೆ ಮೂತಿ ಸಿಕ್ಕಿಕೊಂಡಿದ್ದವು. ನಾವು ಎದ್ದರೂ ಒಂದು ಸೈಕಲ್ಲಿಗೂ ಜಾಗ ಇರಲಿಲ್ಲ. ಟ್ರಂಕು ಹೊತ್ತು ಆ ಕಡೆ ದಾಟಿಸಿ ಬೇರೆ ಗಾಡಿ ಹತ್ತಿಸೋಣ ಅಂತ ಹೊರಟೆ, ಪೊಲೀಸರು ಬಂದು ಕುತ್ತಿಗೆಪಟ್ಟಿ ಹಿಡಿದರು. ಇವನು ನನ್ನ ಅಳಿಯ ಅಂದರೂ ಕೇಳಲಿಲ್ಲ. ಎಸ್ಸೈ ಅವನ ಕಡೆ ತಿರುಗಿ, ಯೋಧನಿಗೇ ಅಡ್ಡ ಕೂತಿದ್ದಾರಲ್ಲ, ಒಳ್ಳೇ ಕೇಸಾಯ್ತು ಅಂದುಕೊಂಡು ಅವನ ಹೇಳಿಕೆ ಬರೆಸಿಕೊಂಡ. ನನ್ನ ವಿರುದ್ಧದ ಮೊದಲ ಸಾಕ್ಷಿ ನನ್ನ ಸೋದರಳಿಯ. ರಸ್ತೆ ಬಿಡಿಸೋ ಹೊತ್ತಿಗೆ ಸಂಜೆಯಾಗಿತ್ತು, ಅವನು ವಾಪಸ್ ಮನೆಗೆ ಹೋಗಿ ಮಾರನೇ ದಿನ ಹೊರಟನಂತೆ.

ನಮ್ಮನ್ನು ಎರಡು ದಿನ ಇಟ್ಟುಕೊಂಡು ಜಾಮೀನಿನ ಮೇಲೆ ಬಿಟ್ಟರು. ಅದೇನೂ ದೊಡ್ಡದಲ್ಲ. ದೊಡ್ಡದು ಆಮೇಲಿನದು. ಡೈರಿಗೆ ಹಾಲು ಹಾಕೋಕೆ ಹೋದರೆ ಸಾಲಲ್ಲಿ ನಿಂತವರ ಮಾತು ನಿಂತುಹೋಗೋದು. ಹೋಟೆಲಿನಲ್ಲಿ "ಬಂದ ನೋಡ್ಲಾ ಪಾಕಿಸ್ತಾನ್ದೋನು" ಅನ್ನೋರು, ನನಗೆ ಕೇಳಲಿ ಅಂತಲೇ. ನಾನೂ ಬಾಯಿಗೆ ಬಂದದ್ದು ಅನ್ನುತ್ತಿದ್ದೆ, ಎಷ್ಟು ದಿನ ಅಂತ ಅನ್ನೋದು? ಸಾಕಾಗಿ ಹೋಟೆಲಿಗೆ ಹೋಗೋದೇ ಬಿಟ್ಟೆ. ಟೈಲರ್ ಸಾಬರ ಅಂಗಡಿಯಿಂದ ಜನ ಕೊಟ್ಟ ಬಟ್ಟೇನ ಹೊಲಿಯದೆಯೇ ವಾಪಸ್ ತಗೊಂಡು ಹೋದರು. "ನೀವು ಯುದ್ಧ ಬೇಡ ಅಂದ್ರೆ ತಲೆ ಕೆಟ್ಟಿದೆ ಅಂತಾರೆ ಭಾಯ್. ನಾವು ಅಂದ್ರೆ ಬೇರೇನೇ ಅಂತಾರೆ" ಅಂದರು ಒಂದು ದಿನ.

ಇದೆಲ್ಲ ತಡೆದುಕೊಂಡೆ. ಅಕ್ಕನದನ್ನು ತಡೆದುಕೊಳ್ಳಲು ಆಗಲಿಲ್ಲ.

ಗೌರಿ ಹಬ್ಬಕ್ಕೆ ನಮ್ಮಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ತವರಿನಿಂದ ಬಾಗಿನ ಹೋಗಬೇಕು. ಮೊರದಲ್ಲಿ ಬಳೆ, ರವಿಕೆ ಕಣ, ಅಕ್ಕಿ, ಬೇಳೆ, ತೆಂಗಿನಕಾಯಿ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ತಗೊಂಡು ಹೋಗೋದು. ಅಪ್ಪ ಹೋದ ಮೇಲೆ ಅದು ನನ್ನ ಕೆಲಸ. ಒಂದು ವರ್ಷವೂ ತಪ್ಪಿಸಿದವನಲ್ಲ. ಅಷ್ಟು ಹೊತ್ತಿಗೆ ಯುದ್ಧ ನಿಂತಿತ್ತು, ಆದರೆ ಅಳಿಯ ಇನ್ನೂ ಬೆಟ್ಟದ ಮೇಲೇ ಇದ್ದ, ಯಾವಾಗ ಬರುತ್ತಾನೋ ಗೊತ್ತಿರಲಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ಅಂತ ಬಸ್ಸಿಂದ ಬಸ್ಸಿಗೆ ಮೊರ ಹೊತ್ತುಕೊಂಡು ಹೋದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಬಾ ಅನ್ನಲಿಲ್ಲ.

"ವಾಪಸ್ ತಗಂಡೋಗು" ಅಂದಳು.

"ಏನಕ್ಕ ಇದು, ಹಬ್ಬದ ದಿನ..."

"ಯಾವ ಹಬ್ಬಲಾ? ನನ್ ಮಗ ಸಾಯಕ್ಕೆ ಹೊಂಟಿದ್ದ. ಅಂತಾವ್ನ ಮುಂದೆ ನಡುಬೀದೀಲಿ ಕೂತಲ್ಲೋ. ಊರೋರೆಲ್ಲ ನನ್ ಮಖ ನೋಡ್ತಾವ್ರೆ, ನಿನ್ ತಮ್ಮನೇ ಅಲ್ವಾ ಅಂತ. ನಂಗೆ ತವ್ರು ಇಲ್ಲ ಅನ್ಕತೀನಿ. ಓಗು."

ತವರಿನ ಬಾಗಿನ ಬೇಡ ಅನ್ನೋದು ನಮ್ಮಲ್ಲಿ ಆಡೋ ಮಾತಲ್ಲ. ತವರು ಸತ್ತುಹೋಯಿತು ಅಂದ ಹಾಗೆ. ನನಗೆ ಸಿಟ್ಟು ಬಂತು. ಯಾರೂ ಸಾಯಬಾರದು ಅಂತಲ್ಲವಾ ಕೂತದ್ದು, ನಿನ್ನ ಮಗನೂ ಸೇರಿ, ಅಂತ ಕೂಗಾಡಿದೆ. ಅವಳು ಬಾಗಿಲು ಹಾಕಿಕೊಂಡಳು. ಮೊರವನ್ನು ಜಗಲಿ ಮೇಲಿಟ್ಟು ಬಂದೆ. ಅಕ್ಕಪಕ್ಕದ ಮನೆಯವರು ನೋಡುತ್ತಿದ್ದರು. ಬಸ್ಸಿನಲ್ಲಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದಲ್ಲಿ ಕೂತವನು ಯಾರೋ ತೀರಿಕೊಂಡರೇನೋ ಅಂದುಕೊಂಡಿರಬೇಕು, ಸರಿದು ಜಾಗ ಕೊಟ್ಟ.

ಇನ್ನು ಕೋರ್ಟು. ಥೂ, ಆ ಕೋರ್ಟಿಗೆ ತಿರುಗಿದ್ದು ನೆನೆಸಿಕೊಂಡರೆ ಈಗಲೂ ಮಂಡಿ ನೋಯುತ್ತೆ. ಕೇಸು ನಾಗಮಂಗಲದಲ್ಲಿ. ಮೊದಲ ದಿನವೇ ಮೇಷ್ಟ್ರು ಎದ್ದು ನಿಂತು, "ಕೂತದ್ದು ನಿಜ ಸ್ವಾಮಿ, ಆದರೆ ಅದು ತಪ್ಪು ಅಂತ ಒಪ್ಪೋದಿಲ್ಲ" ಅಂದಿದ್ದರು. ಹಾಗೆ ಅರ್ಧ ಒಪ್ಪಿದರೆ ಆಗೋದಿಲ್ಲ, ಸಾಕ್ಷಿ ವಿಚಾರಣೆ ಆಗಲಿ ಅಂದರು ನ್ಯಾಯಾಧೀಶರು. ಆಯಿತಲ್ಲ, ವಾಯಿದೆ ಮೇಲೆ ವಾಯಿದೆ. ಬೆಳಗ್ಗೆ ಹಾಲು ಕರೆದು ಹೊರಟರೆ ಹೊತ್ತು ಏರಿದ ಮೇಲೆ ತಲುಪೋದು. ಹೊರಗೆ ಮರದ ಕೆಳಗೆ ಕೂರೋದು. ಮಧ್ಯಾಹ್ನ ಜವಾನ ಬಾಗಿಲಿಗೆ ಬಂದು ನನ್ನ ಅಳಿಯನ ಹೆಸರನ್ನು ಮೂರು ಸಲ ಕೂಗೋನು. ಯಾರೂ ಓ ಅನ್ನುತ್ತಿರಲಿಲ್ಲ. ಆ ಹೆಸರು ಕೂಗಿ ಉತ್ತರ ಬರದೆ ಹೋದಾಗ ಅವನು ಇದ್ದಾನೋ ಇಲ್ಲವೋ ಅನ್ನಿಸೋದು. ಸಾಕ್ಷಿ ಬಂದಿಲ್ಲ, ಮುಂದಿನ ತಿಂಗಳು ಬನ್ನಿ ಅನ್ನೋರು. ಬರಬರುತ್ತಾ ನಮ್ಮೊಳಗೂ ಮಾತು ಕಡಿಮೆಯಾಯಿತು. ಮೊದಮೊದಲು ಮರದ ಕೆಳಗೆ ಶಾಂತಿ, ಯುದ್ಧ ಅಂತ ಚರ್ಚೆ ನಡೆಯೋದು. ಕೊನೆಕೊನೆಗೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅನ್ನೋದು ಬಿಟ್ಟು ಬೇರೆ ವಿಷಯವೇ ಇರಲಿಲ್ಲ. ಯಾರಿಗಾಗಿ ಮಾಡಿದೆವೋ ಅವರಿಗೇ ಬೇಡವಾದ ಕೆಲಸವನ್ನು ಮಾಡಿ ಇಷ್ಟು ಸುಸ್ತಾಗೋದು ಯಾವ ಕರ್ಮ ಅನ್ನಿಸುತ್ತಿತ್ತು. ಆದರೂ ತಪ್ಪು ಮಾಡಿದೆವು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಅವರೇಕಾಯಿ ಕಾಲ. ಆ ವಾಯಿದೆ ದಿನ ಜವಾನ ಹೆಸರು ಕೂಗಿದ, "ಬಂದೆ" ಅಂತ ಯಾರೋ ಅಂದರು. ತಿರುಗಿ ನೋಡಿದೆ. ಅಳಿಯ. ಮುಖ ಸುಟ್ಟು ಕಪ್ಪಾಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಹಿಂದೆ ಸೆರಗು ಹೊದ್ದುಕೊಂಡು ಅಕ್ಕ. ಅವನು ಬದುಕಿದ್ದಾನೆ ಅನ್ನೋದೊಂದೇ ನನಗೆ ಕಂಡದ್ದು, ಕಣ್ಣು ತುಂಬಿಕೊಂಡಿತು. ನಮ್ಮ ಲಾಯರು ನನ್ನ ಕಿವಿಯಲ್ಲಿ, ನಿಮ್ಮ ಹುಡುಗನೇ ತಾನೇ, ಗುರುತು ಸಿಗಲಿಲ್ಲ ಅಂತ ಹೇಳಿಸಿಬಿಡಿ, ಕೇಸು ಬಿದ್ದುಹೋಗುತ್ತೆ ಅಂದರು. ನಾನು ಅಳಿಯನ ಹತ್ತಿರ ಹೋಗಿ, "ಲೇ ಮಗ, ಇದ್ದದ್ದು ಇದ್ದಂಗೆ ಹೇಳು" ಅಂದೆ. ಅವನು ತಲೆಯಾಡಿಸಿದ.

ಕಟಕಟೆಯಲ್ಲಿ ನಿಂತು ಹಾಗೇ ಹೇಳಿದ. ಇವರೆಲ್ಲ ಕೂತಿದ್ದರು. ಇವರು ನಮ್ಮ ಸೋದರಮಾವ. ಯಾರನ್ನೂ ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ರೈಲು ತಪ್ಪಿತು, ಒಂದು ದಿನ ತಡವಾಯಿತು. ಅಷ್ಟೇ.

ನ್ಯಾಯಾಧೀಶರಿಗೂ ಸಾಕಾಗಿತ್ತು ಅನ್ನಿಸುತ್ತೆ, ಅವತ್ತೇ ತೀರ್ಮಾನ ಹೇಳಿಬಿಟ್ಟರು. ಚಿಲ್ಲರೆ ದಂಡ, ಜೊತೆಗೆ ಆ ದಿನ ಕೋರ್ಟು ಏಳುವವರೆಗೆ ಒಳಗೇ ಕೂತಿರುವ ಶಿಕ್ಷೆ. "ಕೂತಿದ್ದಕ್ಕೆ ಕೂರೋ ಶಿಕ್ಷೆ!" ಅಂತ ಟೈಲರ್ ಸಾಬರು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕರು. ಅವರು ನಕ್ಕದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು.

ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಅಳಿಯ ಬಂದು ಪಕ್ಕದಲ್ಲಿ ಕೂತ. ತಗ್ಗಿದ ದನಿಯಲ್ಲಿ ಹೇಳಿದ.

"ನಾನು ಒಂದಿನ ತಡ ಹೋದ್ನಲ್ಲ ಮಾವ. ನಾನು ಸೇರ್ಬೇಕಾಗಿದ್ದ ಗುಂಪು ಅಷ್ಟೊತ್ಗೆ ಮೇಲಕ್ಕೆ ಹೊಂಟೋಗಿತ್ತು. ನನ್ ಜಾಗಕ್ಕೆ ಇನ್ನೊಬ್ಬನ್ನ ಹಾಕಿದ್ರು. ಗದಗದ ಕಡೆ ಹುಡ್ಗ, ಅವ್ನೂ ರಜದಿಂದ ಬಂದೋನೇ. ಆ ಗುಂಪಿನಾಗೆ ಯಾರೂ ವಾಪಸ್ ಇಳೀನಿಲ್ಲ."

ನಾನು ಗೋಡೆ ಬಿಟ್ಟು ನೆಟ್ಟಗೆ ಕೂತೆ.

"ಅವ್ವಂಗೆ ಹೇಳ್ದೆ. ಹೇಳ್ಬಾರ್ದಾಗಿತ್ತು" ಅಂದ.

ಕೋರ್ಟು ಎದ್ದಿತು. ಹೊರಗೆ ಅಕ್ಕ ಕಾಯುತ್ತಿದ್ದಳು. ಬಂದವಳೇ ನನ್ನ ಎರಡೂ ಕೈ ಹಿಡಿದುಕೊಂಡು, "ಮನ್ಗೆ ನಡಿಯಪ್ಪ" ಅಂದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ. ಸೊರಗಿದ್ದಳು, ಅವಳ ಬೆರಳಿನ ಮೂಳೆ ಕೈಗೆ ಸಿಗುತ್ತಿತ್ತು.

ಮನೆಯಲ್ಲಿ ಮಣೆ ಹಾಕಿ ಕೂರಿಸಿದಳು. ಮುದ್ದೆ, ಅವರೇಕಾಯಿ ಸಾರು, ಮೇಲೆ ತುಪ್ಪ. ಬಡಿಸುತ್ತಾ, "ಬಾಯಿಗ್ ಬಂದಂಗೆ ಅಂದ್ಬುಟ್ಟೆ ಕಣಪ್ಪ, ಮನಸ್ಗೆ ಹಚ್ಕಬ್ಯಾಡ. ನೀನು ಅಡ್ಡ ಕೂತಿದ್ಕೇ ನನ್ ಮಗ ಉಳ್ಕಂಡ. ದೇವ್ರೇ ಬಂದು ಕೂರ್ಸವ್ನೆ ನಿನ್ನ. ಇನ್ಮೇಲೆ ಯಾರೇನಾರ ಅನ್ಲಿ, ನಾನು ನೋಡ್ಕತೀನಿ" ಅಂದಳು. ಅವಳ ಮುಖದಲ್ಲಿ ಎಂಥ ಬೆಳಕಿತ್ತು! ನನ್ನನ್ನು ಹೊತ್ತು ತಿರುಗುತ್ತಿದ್ದ ಕಾಲದ ಅಕ್ಕ.

"ಅವ್ವಾ, ಸಾಕು ಸುಮ್ನಿರು" ಅಂದ ಅಳಿಯ. ಅವನು ಮುದ್ದೆ ಮುರಿದಿದ್ದನೇ ಹೊರತು ಬಾಯಿಗೆ ಇಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಕೈ ತೊಳೆದು ಹಿತ್ತಲಿಗೆ ಹೋದ.

ನಾನು ಹೇಳಬೇಕಾಗಿತ್ತು. ಅಕ್ಕ, ನಾನು ಕೂತದ್ದು ಇವನನ್ನು ಉಳಿಸಿ ಅವನನ್ನು ಕಳಿಸೋಕಲ್ಲ, ಗದಗದ ಕಡೆ ಯಾವುದೋ ಮನೆಯಲ್ಲಿ ನಿನ್ನಂಥವಳೇ ಒಬ್ಬಳು ಕೂತಿದ್ದಾಳೆ, ಅವಳಿಗೆ ನಾವು ಯಾರು ಅಂತಲೂ ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು. ಪೊಲೀಸರ ಮುಂದೆ ಹೆದರಲಿಲ್ಲ, ಊರವರ ಮುಂದೆ ಹೆದರಲಿಲ್ಲ. ಅವಳ ಮುಂದೆ ಬಾಯಿ ಬರಲಿಲ್ಲ. ಆರು ತಿಂಗಳು ಈ ಮನೆಯ ಒಂದು ತುತ್ತಿಗೆ ಹಂಬಲಿಸಿದ್ದೆ. ಈಗ ಮಾತಾಡಿದರೆ ಆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತೆ ಅಂತ ಹೆದರಿದೆ.

"ಇನ್ನೊಂದು ಮುದ್ದೆ ಆಕ್ಲಾ?" ಅಂದಳು ಅಕ್ಕ.

"ಆಕಕ್ಕ" ಅಂದೆ.