ಮೊಮ್ಮಗಳ ಬೇದಿ, ಊರಿನ ಹಾಲು

ಜವಳಗೇರಾದಲ್ಲಿ ಮನೆಯೆದುರೇ ಕಾಲುವೆ ತುಂಬಿ ಹರಿಯುತ್ತದೆ. ಕುಡಿಯುವ ನೀರಿಗೆ ಮಾತ್ರ ಕ್ಯಾನ್ ಹಿಡಿದು ‘ಪ್ಲಾಂಟ್’ಗೆ ಹೋಗಬೇಕು. ನೀರು ಶುದ್ಧ ಮಾಡಿ ಕೊಡುವ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ನಮ್ಮ ಗುರುಗುಂಟಾದಲ್ಲಿ ನೀರೇ ಕಡಿಮೆ. ಆದರೆ ಇಷ್ಟು ನೀರಿನ ನಡುವೆ ನೀರು ಹುಡುಕಿಕೊಂಡು ಹೋಗುವುದನ್ನು ನಾನು ಕಂಡಿರಲಿಲ್ಲ.

ಹಾಸ್ಟೆಲ್ ವಾರ್ಡನ್ ಕೆಲಸದಿಂದ ನಿವೃತ್ತಿಯಾದ ಮೇಲೆ, ಇಲ್ಲಿ ಶಿಕ್ಷಕಿಯಾಗಿರುವ ಮಗಳು ಸುಮಾಳ ಕೂಸನ್ನು ನೋಡಿಕೊಳ್ಳಲು ಬಂದೆ. ನನ್ನ ಜೊತೆ ನಮ್ಮ ಎಮ್ಮೆಯೂ ಟೆಂಪೊದಲ್ಲಿ ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ ಬಂತು. ಇಲ್ಲಿಯ ನೀರನ್ನು ನಂಬಲಾಗದು, ನಮ್ಮ ಹಾಲನ್ನು ನಂಬಬಹುದು ಎಂದುಕೊಂಡಿದ್ದೆ.

ಎರಡನೆಯ ತಿಂಗಳು, ಒಂದೂವರೆ ವರ್ಷದ ಕೂಸಿಗೆ ವಾಂತಿ-ಬೇದಿ ಹತ್ತಿತು. ವಾಂತಿ ನಿಂತಿತು. ಬೇದಿ ನಿಲ್ಲಲಿಲ್ಲ. ಸುಮಾ ಎಲ್ಲವನ್ನೂ ನನಗೇ ಬಿಟ್ಟಿದ್ದಳು. ಅನ್ನ ಬಿಡಿಸಿದೆ. ಮೂರು ತಾಸಿಗೊಮ್ಮೆ, ಗಡಿಯಾರ ನೋಡಿ, ಎಮ್ಮೆ ಹಾಲು ಕೊಟ್ಟೆ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಹದಿನೈದನೆಯ ದಿನ ಕೂಸಿನ ತೊಡೆಯ ಚರ್ಮ ಜೋತುಬಿದ್ದಿತ್ತು. ಅದನ್ನೂ ಬರೆದೆ.

ಪಕ್ಕದ ಮನೆಯಲ್ಲಿ ಹೊಲಿಗೆ ಹಾಕುವ ಖಾಜಾಬಿ ಬಾಗಿಲಲ್ಲಿ ನಿಂತು ಅಂದಳು: “ವಾರ್ಡನಮ್ಮಾ, ಬೇದಿ ಹತ್ತಿದ್ದು ಕೂಸಿಗೆ, ನಿಮ್ಮ ಗಡಿಯಾರಕ್ಕಲ್ಲ. ಅದು ಹಸದೈತ್ರಿ. ಏಳ್ರಿ, ಸಿಂಧನೂರಿಗೆ ಹೋಗೂಣು.”

ಶಾಲೆಗೆ ರಜೆ ಹಾಕಿ ಸುಮಾಳೂ ಜೊತೆಗೆ ಬಂದಳು. ಸಿಂಧನೂರಿನ ಡಾಕ್ಟರು ನೋಟ್‌ಬುಕ್ ಪೂರ್ತಿ ಓದಿದರು. “ಬರೇ ಹಾಲೇನ್ರಿ?”

“ಅನ್ನ ಕೊಟ್ರ ಹೆಚ್ಚಾಗತೈತಂತ ಬಿಡಿಸೀನ್ರಿ.”

“ಬೇದಿಯಾಗಿ ಕರುಳಿನ ಒಳಪದರ ಸವದೈತಿ. ಹಾಲು ಅರಗಿಸ್ಕೊಳ್ಳೋ ಶಕ್ತಿ ಸದ್ಯ ಅದಕ್ಕಿಲ್ಲ. ಆ ಹಾಲಿಂದನ ಬೇದಿ ಬೆಳ್ಯಾಕತ್ತೈತ್ರಿ. ಮೊಸರನ್ನ, ಬ್ಯಾಳಿ, ಬಾಳಿಹಣ್ಣು ತಿನ್ನಸ್ರಿ. ಉಪವಾಸ ಕೆಡವಬ್ಯಾಡ್ರಿ.” ಜಿಂಕ್ ಔಷಧ, ಓಆರ್‌ಎಸ್ ಪುಡಿ ಬರೆದುಕೊಟ್ಟರು.

ಮರಳುವ ಬಸ್ಸಿನಲ್ಲಿ ಸುಮಾ ಕೂಸನ್ನು ನನ್ನ ಮಡಿಲಿನಿಂದ ತನ್ನ ಮಡಿಲಿಗೆ ಎತ್ತಿಕೊಂಡಳು. ನನಗೆ ಅಳು ಬರಲಿಲ್ಲ. ಜವಳಗೇರಾ ಬಂದಾಗ ಇಳಿದೆ.

ವಾರ ಕಳೆಯುವಷ್ಟರಲ್ಲಿ ಬೇದಿ ಹತೋಟಿಗೆ ಬಂತು. ಗುರುಗುಂಟಾದಲ್ಲಿ ಯಾವ ಕೂಸು ಹಟ ಮಾಡಿದರೂ ಓಣಿಯ ಹೆಣ್ಣುಮಕ್ಕಳು ನನ್ನನ್ನು ಕೇಳಲು ಬರುತ್ತಿದ್ದರು. ಇಲ್ಲಿ ಸುಮಾ ಶಾಲೆಗೆ ಹೊರಡುವಾಗ ನಾನು ಎದುರಿಗಿದ್ದರೂ ಕೂಸನ್ನು ಖಾಜಾಬಿಯ ಮಡಿಲಲ್ಲಿ ಕೂರಿಸಿ ಹೋಗುತ್ತಾಳೆ. ತಪ್ಪೆನ್ನಲಾರೆ.

ಇಂದು ಬೆಳಿಗ್ಗೆ ಖಾಜಾಬಿ ಮೊಸರನ್ನದ ಬಟ್ಟಲನ್ನು ನನ್ನ ಕಡೆ ಸರಿಸಿದಳು. “ನನಗ ಜಂಪರ್ ಹೊಲ್ಯೋದೈತಿ. ನೀವ ತಿನ್ನಸ್ರಿ. ಬಾಯಿ ತೆಗದಾಗ ಹಾಕ್ರಿ, ಅಷ್ಟ.”

ಕೂಸು ಬಾಯಿ ತೆಗೆಯಿತು. ಹಾಕಿದೆ. ಮತ್ತೆ ತೆಗೆಯಿತು.

ಊರಿನ ಮನೆಯನ್ನು ಬಾಡಿಗೆಗೆ ಕೊಡಲೇ ಎಂದು ತಮ್ಮ ಎರಡು ಸಲ ಫೋನ್ ಮಾಡಿದ್ದಾನೆ. ಕೊಟ್ಟರೆ ನಾನು ಇಲ್ಲಿಯೇ ಉಳಿದಂತೆ; ಇನ್ನೂ ತೀರ್ಮಾನಿಸಿಲ್ಲ.