ಎರಡೂ ಕೈಗಳ ಶರಣು

ವಿಜಯಪುರ ಜಿಲ್ಲೆಯ ತಾಲೂಕು ಊರುಗಳಲ್ಲಿ ಲಕ್ವಾ ಹೊಡೆದವರ ಆರೈಕೆಯ ಮಾತು ಬಂದಾಗ ಡಾ. ನಲಿನಿ ಗಲಗಲಿಯವರ ಹೆಸರು ತಾನಾಗಿಯೇ ಬರುತ್ತದೆ. ದೊಡ್ಡ ಯಂತ್ರಗಳಾಗಲಿ ದೊಡ್ಡ ಹುದ್ದೆಗಳಾಗಲಿ ಅವರ ಪಾಲಿಗೆ ಬರಲಿಲ್ಲ. ರೋಗಿಯ ನಾಡಿ, ರಕ್ತದೊತ್ತಡ ಮತ್ತು ರೋಗಿಯ ಮಾತನ್ನೇ ನಂಬಿಕೊಂಡು ಮೂರು ದಶಕಗಳಿಗೂ ಮೀರಿ ದುಡಿದ ಅವರು ಈಗ ಸೇವೆಯಿಂದ ಬಿಡುಗಡೆ ಹೊಂದಿದ್ದಾರೆ.

ಆಲಮೇಲದ ಶಿಕ್ಷಕರೊಬ್ಬರ ಮಗಳಾದ ನಲಿನಿಯವರು ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ ಮೊದಲು ಕೆಲಸಕ್ಕೆ ಬಂದದ್ದು ಸಿಂದಗಿಗೆ. ಚಳಿಗಾಲದಲ್ಲಿ ಸ್ಟೆತಾಸ್ಕೋಪನ್ನು ತಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಮುದುಕಿಯರ ಬೆನ್ನಿಗೆ ಇಡುತ್ತಿದ್ದರೆಂದು ಅಲ್ಲಿಯವರು ಇಂದಿಗೂ ನೆನೆಯುತ್ತಾರೆ. ಇಂಡಿಯಲ್ಲಿದ್ದಾಗ ಹಳ್ಳಿಯಿಂದ ಬಂದವರನ್ನು ಮೊದಲು ನೋಡುತ್ತಿದ್ದರು. "ನಾವೇನು ಪಾಪ ಮಾಡೇವ್ರಿ ಬಾಯಾರ?" ಎಂದು ಊರಿನವರು ಸಿಡುಕಿದರೆ, "ನಿಮ್ಮ ಮನಿ ಎಲ್ಲಿಗೂ ಹೊಂಡೂದಿಲ್ಲ, ಅವರ ಬಸ್ಸು ಹೊಂಡತೈತಿ" ಎಂದು ನಗುತ್ತಿದ್ದರು. ಮುದ್ದೇಬಿಹಾಳದಲ್ಲಿ ಪ್ರತಿ ಗುರುವಾರ ಲಕ್ವಾ ರೋಗಿಗಳ ಮನೆಯವರನ್ನು ಕೂಡಿಸಿಕೊಂಡು, ಸೋತ ಕೈಕಾಲನ್ನು ಹೇಗೆ ಆಡಿಸಬೇಕು, ನುಂಗಲು ಬಾರದವರಿಗೆ ಏನು ಕುಡಿಸಬಾರದು ಎಂದು ಕಲಿಸಿದರು. ಈ ರೋಗದಲ್ಲಿ ಔಷಧಕ್ಕಿಂತ ಮೊದಲು ಕೈ ತಪ್ಪುವುದು ಹೊತ್ತು ಎಂಬುದು ಅವರಿಗೆ ಅಲ್ಲಿಯೇ ಮನವರಿಕೆಯಾಗಿತ್ತು.

ಆ ಅರಿವು ಒರೆಗೆ ಹತ್ತಿದ್ದು ಬಸವನ ಬಾಗೇವಾಡಿಯಲ್ಲಿ. ಅಲ್ಲಿಯ ಧರ್ಮಾರ್ಥ ಆಸ್ಪತ್ರೆಯೊಂದರಲ್ಲಿ ಅವರು ಹಿರಿಯ ವೈದ್ಯರಾಗಿದ್ದಾಗ ಕೊರೋನಾ ಬಂತು. ೨೦೨೦ರ ಬೇಸಿಗೆಯಲ್ಲಿ ಲಕ್ವಾ ರೋಗಿಗಳು ಒಮ್ಮೆಲೇ ಕಡಿಮೆಯಾದರು. ಕೆಲವರಿಗೆ ಅದು ನೆಮ್ಮದಿಯಾಗಿ ಕಂಡರೂ ನಲಿನಿಯವರಿಗೆ ಅಂಜಿಕೆಯಾಯಿತು. ಲಕ್ವಾ ಹೊಡೆಯುವುದು ನಿಂತಿರಲಿಲ್ಲ, ಜನ ಆಸ್ಪತ್ರೆಗೆ ಬರುವುದು ನಿಂತಿತ್ತು.

ಬಂದವರಿಗೂ ಬಾಗಿಲಲ್ಲಿ ಕೇಳುತ್ತಿದ್ದದ್ದು ಜ್ವರ ಮತ್ತು ಕೆಮ್ಮಿನ ಮಾತು. ಕೊಲ್ಹಾರದ ಸಿದ್ದಾರೂಢ ಎಂಬ ಮೀನುಗಾರ ಒಂದು ಮುಂಜಾನೆ ಬಂದಾಗ ಬಾಯಿಗೆ ಮಾಸ್ಕು ಇತ್ತು. ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಸುಸ್ತಾಗಿರಬೇಕೆಂದು ಜ್ವರದವರ ಸಾಲಿನಲ್ಲಿ ಕೂಡಿಸಿದರು. ಒಳಗಿನ ರೋಗಿಗಳನ್ನು ಮುಗಿಸಿ ನಲಿನಿಯವರು ಮಧ್ಯಾಹ್ನ ಹೊರಬಂದು ಆತನ ಮಾಸ್ಕು ಇಳಿಸಿ ನೋಡಿದರೆ ಬಾಯಿ ಒಂದು ಕಡೆಗೆ ಸೊಟ್ಟಾಗಿತ್ತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸೂಜಿಗೆ ಇರುವುದು ಲಕ್ವಾ ಹೊಡೆದಾಗಿನಿಂದ ನಾಲ್ಕೂವರೆ ತಾಸಿನ ಅವಧಿ. ಅದು ಮುಗಿದಿತ್ತು. ಸಿದ್ದಾರೂಢ ಬದುಕಿದ, ಮಾತು ಮಾತ್ರ ತಿರುಗಿ ಬರಲಿಲ್ಲ. ಅಂದು ನಲಿನಿಯವರು ಊಟದ ಡಬ್ಬಿ ಬಿಚ್ಚಲಿಲ್ಲ.

ಮುಖವನ್ನು ಮಾಸ್ಕು ಮುಚ್ಚಿದೆ, ಹತ್ತಿರ ಹೋಗಿ ಮುಟ್ಟುವಂತಿಲ್ಲ. ಹಾಗಾದರೆ ಈ ರೋಗವನ್ನು ಬಾಗಿಲಲ್ಲೇ ಗುರುತಿಸುವುದು ಹೇಗೆ? ಉಪಾಯ ಅವರಿಗೆ ಹೊಳೆದದ್ದು ನಮ್ಮ ಕಡೆಯ ನಿತ್ಯದ ನಡವಳಿಕೆಯಿಂದ. ಬಾಗೇವಾಡಿಯ ಜನ ಎದುರಾದವರಿಗೆ ಎರಡೂ ಕೈ ಎತ್ತಿ ಜೋಡಿಸಿ "ಶರಣ್ರೀ" ಅನ್ನುತ್ತಾರೆ. ಅದರಲ್ಲಿ ತೋಳಿನ ಬಲವೂ ಕಾಣುತ್ತದೆ, ನಾಲಗೆಯ ತೊದಲೂ ಕೇಳುತ್ತದೆ. ಮರುದಿನದಿಂದ ಬಾಗಿಲಲ್ಲಿ ಜ್ವರದ ಮಾತಿಗಿಂತ ಮೊದಲು ಶರಣು ನಡೆಯಿತು.

"ಬಾಯಾರ, ಇದು ದವಾಖಾನಿನೋ ಮಠನೋ ಅಂತ ಮಂದಿ ಕೇಳಾಕತ್ತಾರ" ಎಂದರು ದಾದಿ ವಿಜಯಲಕ್ಷ್ಮಿ.

"ಏನರ ತಿಳಕೊಳ್ಳಲಿ, ಎರಡೂ ಕೈ ಎತ್ತಲಿ."

ಉಳ್ಳಾಗಡ್ಡಿ ಸಾಗಿಸುವ ಟೆಂಪೋ ಗಾಡಿಯ ಖಲೀಲ ತನ್ನ ತಾಯಿಯ ಗುಳಿಗೆಗೆಂದು ಬಂದವನು, ದುವಾ ಮಾಡುವಂತೆ ಎರಡೂ ಅಂಗೈ ಮೇಲೆತ್ತಿ, "ನಂದು ಇದು ನಡೀತೈತೇನ್ರಿ ಬಾಯಾರ?" ಎಂದು ಕೇಳಿದ.

"ಎರಡೂ ಸಮ ಎದ್ದಾವಲ್ಲ, ಭೇಷ್ ನಡೀತೈತಿ" ಎಂದರು ನಲಿನಿಯವರು.

ಮರುವರ್ಷದ ಬೇಸಿಗೆಯಲ್ಲಿ ಎರಡನೆಯ ಅಲೆ ಏರಿದಾಗ ಮಸೂತಿ ಹಳ್ಳಿಯ ಮಡಿವಾಳಪ್ಪ ತನ್ನ ಹೆಂಡತಿ ಚನ್ನವ್ವನನ್ನು ಟಂಟಂ ಆಟೋದಲ್ಲಿ ಕರೆತಂದ. ಚನ್ನವ್ವ ರೊಟ್ಟಿ ಬಡಿದು ಮಾರಿ ಮನೆ ನಡೆಸುವಾಕೆ. ಆ ಮುಂಜಾನೆ ರೊಟ್ಟಿ ಬಡಿಯುವಾಗಲೇ ಕೈ ಸೋತಿತ್ತು.

"ನಿತ್ರಾಣ ಆಗೇತ್ರಿ. ಒಂದು ಸಲಾಯಿನ್ ಹಚ್ಚಿ ಕಳಸ್ರಿ, ಎಮ್ಮಿ ಹಿಂಡೂದೈತಿ" ಎಂದ ಮಡಿವಾಳಪ್ಪ.

ಬಾಗಿಲಲ್ಲಿ ಕೂಡಿಸಿ ಶರಣು ಮಾಡೆಂದಾಗ ಚನ್ನವ್ವನ ಎಡಗೈ ಒಂದೇ ಎದ್ದು ಗಾಳಿಯಲ್ಲಿ ನಿಂತಿತು. ಹಿರಿಯರೆದುರು ಒಂದೇ ಕೈಯಲ್ಲಿ ಶರಣು ಮಾಡುವುದು ಮಡಿವಾಳಪ್ಪನಿಗೆ ಮರ್ಯಾದೆಗೇಡು ಎನಿಸಿ, "ಏ, ಚೆಂದಂಗ ಮಾಡಬೇ" ಎನ್ನುತ್ತ ಆಕೆಯ ಬಲಗೈಯನ್ನು ತಾನೇ ಎತ್ತಿ ಎಡಗೈಗೆ ಜೋಡಿಸಿದ. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಂಡಿತು. ದಾದಿ ಜ್ವರದ ಮಾತಿಗೆ ತೊಡಗಿಯೂಬಿಟ್ಟಿದ್ದರು.

ಒಳಗಿನಿಂದ ನೋಡುತ್ತಿದ್ದ ನಲಿನಿಯವರು, "ನೀವು ಎತ್ತಬ್ಯಾಡ್ರಿ. ಬಿಡ್ರಿ, ಅವರೇ ಎತ್ತಲಿ" ಎಂದರು. ಆತ ಬಿಟ್ಟ. ಕೈ ಜಾರಿ ಆಕೆಯ ತೊಡೆಯ ಮೇಲೆ ಬಿತ್ತು.

ಹೊತ್ತು ಇನ್ನೂ ಮೀರಿರಲಿಲ್ಲ. ಆದರೆ ಆ ರೋಗಕ್ಕೆ ಬೇಕಾದ ಸ್ಕ್ಯಾನ್ ಇರುವುದು ವಿಜಯಪುರದಲ್ಲಿ. ಆಂಬುಲೆನ್ಸುಗಳೆಲ್ಲ ಉಸಿರು ಕಟ್ಟಿದವರನ್ನು ಹೊತ್ತು ಹೋಗಿದ್ದವು. ಅದಕ್ಕೂ ಮಿಗಿಲಾಗಿ ಮಡಿವಾಳಪ್ಪ ಒಲ್ಲೆನೆಂದು ಕುಳಿತುಬಿಟ್ಟ.

"ವಿಜಾಪುರಕ್ಕ ಒಲ್ಲೆರಿ ಬಾಯಾರ. ಅಲ್ಲಿ ಒಳಗ ಒಯ್ದ್ರಂದ್ರ ಮಾರಿ ಸೈತ ತೋರಸಂಗಿಲ್ಲಂತ. ಏನರ ಆಗಲಿ, ನನ್ನ ಮನ್ಯಾಗ ಇರ್ಲಿ."

ಅದು ಹುಸಿ ಅಂಜಿಕೆಯಲ್ಲ, ಆ ದಿನಗಳಲ್ಲಿ ಮನೆಮನೆಯ ಅಂಜಿಕೆ. ನಲಿನಿಯವರು ಗದರಿಸದೆ ಮೆಟ್ಟಿಲ ಮೇಲೆ ತುಸು ದೂರ ಕುಳಿತು, "ಕೇಳ್ರಿಲ್ಲೆ. ಇವರ ಕೈ, ಇವರ ಮಾತು ಇನ್ನೂ ಉಳೀಬಹುದು. ಹೊತ್ತು ಹೋತಂದ್ರ ನನ್ನ ಕೈಯಾಗೂ ಏನಿಲ್ಲ. ಮಾರಿ ತೋರಸೂದು ನನಗ ಬಿಡ್ರಿ" ಎಂದರು.

"ಉಳೀತಾಳೇನ್ರಿ?"

"ಉಳೀತಾರಂತ ಹೇಳೂದಿಲ್ಲ. ಹೊತ್ತಿಗೆ ಮುಟ್ಟಸ್ತೇನಿ ಅಂತ ಹೇಳ್ತೇನಿ. ನಾನೂ ಸಂಗಾಟ ಬರ್ತೇನಿ."

ಆ ಮಾತಿಗೆ ಮಡಿವಾಳಪ್ಪ ಎದ್ದ. ಲಾಕ್‌ಡೌನಿನಲ್ಲೂ ವಿಜಯಪುರದ ಪೇಟೆಗೆ ಹೋಗಲು ಪರವಾನಗಿ ಇದ್ದ ಖಲೀಲನನ್ನು ಕರೆಸಿದರು. ಅವನು ಚೀಲಗಳನ್ನು ಬೇವಿನ ಗಿಡದ ಕೆಳಗೆ ಇಳಿಸಿ, "ಉಳ್ಳಾಗಡ್ಡಿ ಎಲ್ಲಿ ಓಡಿ ಹೋಗ್ತಾವ, ಹತ್ರಿ" ಎಂದ. ಗಾಡಿಯಲ್ಲಿ ಗಾದಿ ಹಾಸಿ, ತಾಡಪತ್ರಿಯ ಒಂದು ಮಗ್ಗಲು ಗಾಳಿಗೆ ತೆರೆದು, ನಲಿನಿಯವರು ಚನ್ನವ್ವನ ತಲೆಯ ಬದಿಗೆ ಕುಳಿತರು. ದಾರಿಯಲ್ಲಿ ಮಡಿವಾಳಪ್ಪ ಚಹಾ ಕುಡಿಸಲು ಹೋದಾಗ ನೆತ್ತಿಗೇರೀತೆಂದು ತಡೆದರು. ಮೊದಲೇ ಫೋನ್ ಮಾಡಿದ್ದರಿಂದ ಅಲ್ಲಿ ಸ್ಕ್ಯಾನ್ ಕೋಣೆ ಕಾದಿತ್ತು. ಹೊತ್ತು ಮೀರುವುದರೊಳಗೆ ಸೂಜಿ ಹಾಕಿದರು.

ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಆದರೂ ಕೊಟ್ಟ ಮಾತು ಇತ್ತಲ್ಲ. ಅಲ್ಲಿಯ ದಾದಿಯೊಬ್ಬರು ಸಂಜೆ ಚನ್ನವ್ವನ ಮುಖದೆದುರು ಫೋನ್ ಹಿಡಿಯುತ್ತಿದ್ದರು. ಇಲ್ಲಿ ಬಾಗೇವಾಡಿಯ ಬಾಗಿಲಲ್ಲಿ ನಲಿನಿಯವರು ತಮ್ಮ ಫೋನನ್ನು ಮಡಿವಾಳಪ್ಪನಿಗೆ ಹಿಡಿಯುತ್ತಿದ್ದರು. ಆತ ಪ್ರತಿ ಸಂಜೆ ಎಮ್ಮೆಯ ದೂರು ಹೇಳುತ್ತಿದ್ದ, ಆಕೆ ಸೊಟ್ಟ ಬಾಯಿಯಲ್ಲೇ ನಗುತ್ತಿದ್ದಳು. ಒಂದು ಸಂಜೆ ಆ ಕಡೆಯಿಂದ ತೊದಲುತ್ತ ಮಾತೊಂದು ಬಂತು: "ಮೇವು ಹಾಕೀಯೋ ಇಲ್ಲೋ?" ಮಡಿವಾಳಪ್ಪ ಮಾಸ್ಕಿನಿಂದಲೇ ಕಣ್ಣೊರೆಸಿಕೊಂಡ. ತಮ್ಮ ಫೋನು ಅವನ ಕೈಯಲ್ಲೇ ಇರಲೆಂದು ಬಿಟ್ಟು ನಲಿನಿಯವರು ಒಳಗೆ ಹೋದರು.

ಮಾಸ್ಕುಗಳು ಹೋದ ಮೇಲೂ ಆ ಬಾಗಿಲಿನ ಶರಣು ನಿಂತಿಲ್ಲ. ನಿವೃತ್ತಿಯ ಬಳಿಕವೂ ಗುರುವಾರಗಳಂದು ಬಂದು, ಮುದ್ದೇಬಿಹಾಳದಲ್ಲಿ ಮಾಡಿದಂತೆ ಲಕ್ವಾ ರೋಗಿಗಳ ಮನೆಯವರಿಗೆ ಕಲಿಸಲು ನಲಿನಿಯವರು ಒಪ್ಪಿದ್ದಾರೆ. ಆ ಗುರುವಾರಗಳು ಬಹುಕಾಲ ನಡೆಯುವಷ್ಟು ಆಯುಷ್ಯ, ಆರೋಗ್ಯ ಅವರಿಗಿರಲಿ ಎಂಬುದು ನಮ್ಮೆಲ್ಲರ ಹಾರೈಕೆ.

ಕಳೆದ ತಿಂಗಳ ಬೀಳ್ಕೊಡುಗೆಯ ದಿನ ಚನ್ನವ್ವ ಬುಟ್ಟಿ ತುಂಬ ರೊಟ್ಟಿ ತಂದಿದ್ದಳು. ಪ್ರತಿ ರೊಟ್ಟಿಯ ಒಂದು ಅಂಚು ತುಸು ದಪ್ಪ. ಬುಟ್ಟಿ ಇಳಿಸಿ ಕೈ ಎತ್ತಿದಾಗ ಬಲಗೈ ತಡವರಿಸಿತು. ಮಡಿವಾಳಪ್ಪ ಎಂದಿನಂತೆ ಎತ್ತಿಕೊಡಲು ಹೋದ. "ಸರಿ ಅತ್ತಾಗ" ಎಂದು ಆಕೆ ಮೊಣಕೈಯಿಂದ ನೂಕಿದಳು. ಮಾಲೆ ಹಿಡಿದವರು ಹಿಂದೆ ಸಾಲಾಗಿ ನಿಂತಿದ್ದರು. ನಲಿನಿಯವರು ತಮ್ಮೆರಡು ಕೈ ಜೋಡಿಸಿಕೊಂಡು, ಆ ಬಲಗೈ ಮೆಲ್ಲಗೆ ಏರಿ ಎಡಗೈಯನ್ನು ಮುಟ್ಟುವವರೆಗೂ ಕಾದು ನಿಂತರು. ಆಮೇಲೆಯೇ ಅಂದರು: "ಶರಣ್ರೀ ಚನ್ನವ್ವಾ."